ಮಿಡ್‌ನೈಟ್ ಕ್ಲಬ್ 3: ಅಟ್ಲಾಂಟಾದ ಒಂದೇ ರೇಸ್‌ನಲ್ಲಿ ಹದಿನೈದು ದಿನದಿಂದ ಸಿಕ್ಕಿಕೊಂಡಿದ್ದೇನೆ, ದಾರಿ ಹೇಳಿ

ಸಾಲಗಾಮೆ ರಸ್ತೆ ಹುಡುಗ (ಹಾಸನ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಪ್ಲೀಸ್.

ನಮ್ಮ ಮಾವ ಬೆಂಗಳೂರಿನಲ್ಲಿ ಮನೆ ಬದಲಿಸುವಾಗ ಅಟ್ಟದ ಮೇಲಿದ್ದ ಹಳೇ ಪ್ಲೇಸ್ಟೇಷನ್ 2 ನನಗೆ ಕೊಟ್ಟರು. ಜೊತೆಗೆ ಎರಡು ಕಂಟ್ರೋಲರ್, ಒಂದು 8 ಎಂಬಿ ಮೆಮೊರಿ ಕಾರ್ಡ್, ನಾಲ್ಕು ಡಿಸ್ಕ್. ಮೂರು ಡಿಸ್ಕ್ ಗೀರು ಬಿದ್ದು ಓದುವುದೇ ಇಲ್ಲ. ಓದಿದ್ದು ಒಂದೇ ಒಂದು, ಮಿಡ್‌ನೈಟ್ ಕ್ಲಬ್ 3 ಡಬ್ ಎಡಿಷನ್. 2005ರ ಆಟ. ರಾತ್ರಿ ಹೊತ್ತು ದೊಡ್ಡ ಊರಿನ ರಸ್ತೆಯಲ್ಲಿ ಕದ್ದು ರೇಸ್ ಓಡಿಸುವುದು. ಮೊದಲು ಸ್ಯಾನ್ ಡಿಯಾಗೋ, ಆಮೇಲೆ ಅಟ್ಲಾಂಟಾ, ಕೊನೆಗೆ ಡೆಟ್ರಾಯಿಟ್. ಮಧ್ಯೆ ಮಾಮೂಲಿ ಟ್ರಾಫಿಕ್ ಓಡಾಡುತ್ತಿರುತ್ತದೆ, ಪೊಲೀಸರು ನೋಡಿದರೆ ಬೆನ್ನು ಹತ್ತುತ್ತಾರೆ.

ಬೇರೆ ರೇಸ್ ಆಟಗಳಲ್ಲಿ ಎರಡು ಕಡೆ ಗೋಡೆ ಇರುತ್ತದೆ, ಸುಮ್ನೆ ಅದರೊಳಗೆ ಓಡಿಸಿಕೊಂಡು ಹೋದರಾಯಿತು. ಇದರಲ್ಲಿ ಹಾಗಲ್ಲ. ಅಲ್ಲೊಂದು ಇಲ್ಲೊಂದು ಚೆಕ್‌ಪಾಯಿಂಟ್ ಇಟ್ಟಿರುತ್ತಾರೆ, ಅದನ್ನು ಮುಟ್ಟಬೇಕು ಅಷ್ಟೇ. ಯಾವ ಬೀದಿಯಿಂದ ಹೋಗುತ್ತೀಯೋ ನಿನ್ನಿಷ್ಟ. ಇದು ನನಗೆ ಎಷ್ಟು ಹಿಡಿಸಿದೆ ಅಂದರೆ ಕೆಲಸ ಮುಗಿಸಿ ಮನೆಗೆ ಬಂದವನು ಕಾಫಿ ಕುಡಿಯುವ ಮೊದಲೇ ಅದನ್ನು ಹಾಕುತ್ತೇನೆ.

ಸ್ಯಾನ್ ಡಿಯಾಗೋ ಹೇಗೋ ಮುಗಿಸಿದೆ. ಅಟ್ಲಾಂಟಾದಲ್ಲಿ ಒಂದು ರೇಸ್ ಇದೆ, ಚೆಕ್‌ಪಾಯಿಂಟ್‌ಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಮುಟ್ಟಬಹುದು ಅನ್ನುವ ಥರದ್ದು. ಅದರಲ್ಲಿ ಹದಿನೈದು ದಿನದಿಂದ ಮೂರನೆಯವನಾಗಿ ಬರುತ್ತಿದ್ದೇನೆ. ಹತ್ತಿರದ್ದು ಮುಟ್ಟುತ್ತೇನೆ, ಅದರ ಪಕ್ಕದ್ದು ಮುಟ್ಟುತ್ತೇನೆ, ಎಲ್ಲಾ ಚೆನ್ನಾಗಿಯೇ ಹೋಗುತ್ತಿರುತ್ತದೆ. ಕೊನೆಗೆ ನೋಡಿದರೆ ಊರಾಚೆ ಹೈವೇ ಆ ಕಡೆ ಒಂದು ಉಳಿದಿರುತ್ತದೆ! ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಬೇರೆಯವರು ಮುಗಿಸಿರುತ್ತಾರೆ. ಎಂಜಿನ್, ಟೈರ್, ವೇಗ ಹೆಚ್ಚಿಸುವ ನೈಟ್ರಸ್ ಎಲ್ಲಾ ಹಾಕಿಸಿ ಆಯಿತು, ಗಾಡಿಯಲ್ಲಿ ಇನ್ನೇನೂ ಬಾಕಿ ಇಲ್ಲ.

ಇನ್ನೊಂದು ವಿಷಯ. ಕಾರು ತಿರುಗುವುದು ನಾನು ತಿರುಗಿಸಿದ ಮೇಲೆ ಒಂದು ಕ್ಷಣ ಬಿಟ್ಟು ಅನಿಸುತ್ತದೆ. ಹಳೇ ಆಟ, ಹಾಗೇ ಇರಬಹುದು ಅಂದುಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಈಗ ಇರುವುದು ಎಲ್‌ಇಡಿ ಟಿವಿ. ಯಾರಾದರೂ ಆಡಿದವರಿದ್ದರೆ ಹೇಳಿ. ಬಿಟ್ಟುಬಿಡಲು ಮನಸ್ಸಿಲ್ಲ.

ಪಾರ್ಸೆಲ್ ಅಣ್ಣ (ಹಾಸನ) ಬರೆದದ್ದು:

ತಮ್ಮಾ, ನಾನು ಈ ಆಟ ಆಡಿ ಮುಗಿಸಿದವನು. ಈಗ ಹಾಸನದಲ್ಲೇ ಪಾರ್ಸೆಲ್ ಹಂಚುವ ಕೆಲಸ. ನಿನ್ನ ಕಷ್ಟ ಓದಿದ ತಕ್ಷಣ ಏನು ತಪ್ಪು ಅಂತ ಗೊತ್ತಾಯಿತು, ಯಾಕೆಂದರೆ ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನೂ ದಿನಾ ಅದನ್ನೇ ಮಾಡುತ್ತಿದ್ದೆ.

ಹತ್ತಿರದ್ದು ಮೊದಲು ಅಂತ ಹೊರಟರೆ ಕೆಟ್ಟೆ. ಬೆಳಿಗ್ಗೆ ಬ್ಯಾಗ್ ತುಂಬಿಕೊಂಡು ಹೊರಟೆ ಅಂದುಕೋ. ಪೆನ್ಷನ್ ಮೊಹಲ್ಲಾ ಹತ್ತಿರ, ಅಲ್ಲಿ ಕೊಟ್ಟೆ. ಅದರ ಪಕ್ಕ ಕೆ.ಆರ್. ಪುರಂ, ಕೊಟ್ಟೆ. ಆಮೇಲೆ ವಿದ್ಯಾನಗರ. ಹೀಗೇ ಮಾಡುತ್ತಾ ಹೋದರೆ ಮಧ್ಯಾಹ್ನ ಮೂರು ಗಂಟೆಗೆ ಬ್ಯಾಗ್ ತಳದಲ್ಲಿ ತಣ್ಣೀರುಹಳ್ಳದ ಒಂದೇ ಒಂದು ಪಾರ್ಸೆಲ್ ಉಳಿದಿರುತ್ತದೆ. ನೀನಿರುವುದು ಊರಿನ ಇನ್ನೊಂದು ತುದಿಯಲ್ಲಿ. ಅದೊಂದಕ್ಕೆ ಇಡೀ ಊರು ದಾಟಿ ಹೋಗಿ, ಬರಿಗೈಯಲ್ಲಿ ವಾಪಸ್ ಬರಬೇಕು. ಆ ಒಂದು ಪಾರ್ಸೆಲ್ಲೇ ದಿನ ತಿನ್ನುತ್ತದೆ.

ಮದುವೆ ಕರೆಯೋಲೆ ಹಂಚುವಾಗ ನಮ್ಮ ಮನೆ ಹಿರಿಯರು ಹೇಗೆ ಮಾಡುತ್ತಾರೆ ನೋಡು. ಮೊದಲು ಕೂತು ಪಟ್ಟಿ ಬರೆಯುತ್ತಾರೆ. ಯಾರ ಮನೆ ದೂರ ಒಂಟಿಯಾಗಿದೆ ಅಂತ ನೋಡುತ್ತಾರೆ. ಆ ಮನೆಗೆ ಹೋಗುವ ದಾರಿಯಲ್ಲಿ ಯಾರ್‍ಯಾರು ಸಿಗುತ್ತಾರೆ, ಬರುವಾಗ ಬೇರೆ ದಾರಿಯಲ್ಲಿ ಬಂದರೆ ಯಾರು ಸಿಗುತ್ತಾರೆ ಅಂತ ಲೆಕ್ಕ ಹಾಕುತ್ತಾರೆ. ಹೋದ ದಾರಿಯಲ್ಲೇ ತಿರುಗಿ ಬರುವುದಿಲ್ಲ. ನಿನ್ನ ರೇಸಿನದ್ದೂ ಅದೇ ಲೆಕ್ಕ. ಒಂದು ಸುತ್ತು ಹಾಕಬೇಕು, ಹೋಗಿ ಬಂದು ಹೋಗಿ ಬಂದು ಮಾಡಬಾರದು.

ಮೊದಲು ಮ್ಯಾಪ್ ನೋಡಿ ಚೆಕ್‌ಪಾಯಿಂಟ್ ಚುಕ್ಕಿಗಳನ್ನು ಕಾಗದದ ಮೇಲೆ ಇಳಿಸಿಕೋ. ಎಷ್ಟು ಸಲ ಸೋತು ಮತ್ತೆ ಶುರು ಮಾಡಿದರೂ ಚುಕ್ಕಿಗಳು ಅಲ್ಲಲ್ಲೇ ಇರುತ್ತವೆ, ಹಾಗಾಗಿ ಒಮ್ಮೆ ಬರೆದರೆ ಸಾಕು. ಆ ಒಂಟಿ ಚುಕ್ಕಿಯನ್ನು ಗುರುತು ಮಾಡು. ಅದನ್ನು ಮೊದಲೋ ಮಧ್ಯದಲ್ಲೋ ಮುಗಿಸುವ ಹಾಗೆ ಗೆರೆ ಎಳೆ. ಕೊನೆಗೆ ಉಳಿಯುವವು ಒಂದಕ್ಕೊಂದು ಹತ್ತಿರ ಇರಬೇಕು. ಮುಗಿಯುವ ಕಡೆಯಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಬೇಗ ಹೊಳೆಯುತ್ತದೆ.

ಪರದೆಯ ಮೇಲೆ ದಿಕ್ಕು ತೋರಿಸುವ ಬಾಣವನ್ನು ನೆಚ್ಚಿಕೊಳ್ಳಬೇಡ. ಅದು ಕಾಗೆ ಹಾರುವ ದಾರಿ ತೋರಿಸುತ್ತದೆ, ಮಧ್ಯೆ ಕಟ್ಟಡ ಇದೆಯೋ ಸೇತುವೆ ಇದೆಯೋ ಅದಕ್ಕೆ ಗೊತ್ತಿಲ್ಲ. ಇಂಥ ರೇಸಿನಲ್ಲಿ ಬೇರೆಯವರ ಹಿಂದೆಯೂ ಓಡಬೇಡ. ಅವರ ಲೆಕ್ಕ ಅವರದು, ಅವರ ಬೆನ್ನು ಹಿಡಿದರೆ ಅವರು ಗೆದ್ದ ಮೇಲೆಯೇ ನೀನು ಬರುವುದು. ಕ್ರಮ ಗೊತ್ತುಮಾಡಿದ ರೇಸಿನಲ್ಲಾದರೆ ಬೇರೆ ಮಾತು, ಅಲ್ಲಿ ಮುಂದಿನವನ ಹಿಂದೆ ಕೆಲವು ಸೆಕೆಂಡ್ ಅಂಟಿಕೊಂಡು ಹೋದರೆ ಗಾಳಿಯ ಎಳೆತ ಕಡಿಮೆಯಾಗಿ ಪರದೆಯ ಮೇಲಿನ ಮೀಟರ್ ತುಂಬುತ್ತದೆ, ಬಟನ್ ಒತ್ತಿದರೆ ರೊಯ್ಯನೆ ಮುಂದೆ ಹೋಗುತ್ತೀಯ.

ಯಾವ ಗಾಡಿ ಓಡಿಸುತ್ತಿದ್ದೀಯ, ಹೇಳಲೇ ಇಲ್ಲವಲ್ಲ?

ಹಳೇ ಟಿವಿ ರಿಪೇರಿ (ಚನ್ನರಾಯಪಟ್ಟಣ) ಬರೆದದ್ದು:

ಪಾರ್ಸೆಲ್ ಅಣ್ಣ ಹೇಳಿದ್ದು ಸರಿ. ಆದರೆ ಮೊದಲು ಟಿವಿ ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಎಷ್ಟು ಲೆಕ್ಕ ಹಾಕಿದರೂ ತಿರುವಿನಲ್ಲಿ ಗೋಡೆಗೆ ಹೋಗಿ ಹೊಡೆಯುತ್ತೀರಿ. ತಡ ಆಗುತ್ತಿರುವುದು ಆಟದಲ್ಲಿ ಅಲ್ಲ, ನಿಮ್ಮ ಎಲ್‌ಇಡಿ ಟಿವಿಯಲ್ಲಿ.

ಪಿಎಸ್2 ಹಳದಿ, ಬಿಳಿ, ಕೆಂಪು ವೈರಿನಲ್ಲಿ ಚಿತ್ರ ಕಳಿಸುವಾಗ ಇಡೀ ಚಿತ್ರವನ್ನು ಒಂದೇ ಸಲ ಕಳಿಸುವುದಿಲ್ಲ. ಒಂದು ಗೆರೆ ಬಿಟ್ಟು ಒಂದು ಗೆರೆ ಕಳಿಸುತ್ತದೆ, ಮುಂದಿನ ಸಲ ಬಿಟ್ಟ ಗೆರೆಗಳನ್ನು ಕಳಿಸುತ್ತದೆ. ಹಳೇ ಡಬ್ಬಾ ಟಿವಿ ಬಂದದ್ದನ್ನು ಬಂದ ಹಾಗೇ ಗಾಜಿನ ಮೇಲೆ ಬರೆಯುತ್ತಿತ್ತು. ಈಗಿನ ಟಿವಿ ಎರಡನ್ನೂ ಹೊಲಿದು, ದೊಡ್ಡದು ಮಾಡಿ, ಬಣ್ಣ ತಿದ್ದಿ ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವಾಗ ಗೊತ್ತಾಗುವುದೇ ಇಲ್ಲ. ಆಟದಲ್ಲಿ ಗೊತ್ತಾಗುತ್ತದೆ. ಲೆಕ್ಕ ಹಾಕಿ ನೋಡಿ: ಗಂಟೆಗೆ 200 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಟಿವಿ ಸೆಕೆಂಡಿನ ಹತ್ತನೇ ಒಂದು ಭಾಗ ತಡ ಮಾಡಿದರೂ ನೀವು ನೋಡುತ್ತಿರುವ ಜಾಗಕ್ಕಿಂತ ಕಾರು ಐದೂವರೆ ಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ಒಂದು ಗಲ್ಲಿಯ ಬಾಯಿ ತಪ್ಪಿಸಲು ಅಷ್ಟು ಸಾಕು.

ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ಗೇಮ್ ಮೋಡ್ ಹಾಕಿ, ಆಗ ಟಿವಿ ಈ ತಿದ್ದುವ ಕೆಲಸ ಕಡಿಮೆ ಮಾಡುತ್ತದೆ. ಚಲನೆ ನಯವಾಗಿಸುವ ಆಯ್ಕೆಗಳು ಇದ್ದರೆ ಎಲ್ಲಾ ಆಫ್ ಮಾಡಿ. ಆದರೂ ತಡ ಅನಿಸಿದರೆ ಊರಲ್ಲಿ ಯಾರಾದರೂ ಅಟ್ಟದಲ್ಲಿ ಇಟ್ಟಿರುವ ಹಳೇ ಟಿವಿ ಕೇಳಿ ತನ್ನಿ. ನಮ್ಮ ಅಂಗಡಿ ಮೂಲೆಯಲ್ಲೂ ಒಂದು 21 ಇಂಚಿನದು ಇಟ್ಟುಕೊಂಡಿದ್ದೇನೆ, ಗುಜರಿಗೆ ಕೊಡಲು ಮನಸ್ಸು ಬರಲಿಲ್ಲ. ಅದರ ಮೇಲೆ ಈ ಆಟ ನೋಡಬೇಕು ನೀವು! ಮಳೆ ಬಿದ್ದ ರಸ್ತೆಯ ಮೇಲೆ ದೀಪದ ಬೆಳಕು ಹೊಳೆಯುವುದು ಅದರಲ್ಲಿ ಕಂಡ ಹಾಗೆ ಹೊಸ ಟಿವಿಯಲ್ಲಿ ಕಾಣುವುದಿಲ್ಲ.

ಆ ಮೂರು ಡಿಸ್ಕ್ ಎಸೆಯಬೇಡಿ. ಪಿಎಸ್2 ಒಳಗೆ ಡಿಸ್ಕ್ ಓದುವ ಲೆನ್ಸ್ ಮೇಲೆ ಧೂಳು ಕೂತಿದ್ದರೂ ಓದುವುದಿಲ್ಲ. ಒಮ್ಮೆ ಒರೆಸಿ ನೋಡಿ.

ಸಾಲಗಾಮೆ ರಸ್ತೆ ಹುಡುಗ:

ಅಣ್ಣಾ, ಗೇಮ್ ಮೋಡ್ ಹಾಕಿದೆ. ಬೇರೆ ಕಾರೇ ಕೊಟ್ಟ ಹಾಗಿದೆ! ಇಷ್ಟು ದಿನ ತಿರುವು ಬರುವ ಮೊದಲೇ ತಿರುಗಿಸಿ ಅಭ್ಯಾಸ ಆಗಿತ್ತು, ಈಗ ಬೇಗ ತಿರುಗಿ ಎಡಗಡೆ ಗೋಡೆಗೆ ಹೊಡೆಯುತ್ತಿದ್ದೇನೆ, ಅದು ಸರಿಹೋಗುತ್ತದೆ ಬಿಡಿ. ತುಂಬಾ ಥ್ಯಾಂಕ್ಸ್.

ಪಾರ್ಸೆಲ್ ಅಣ್ಣ, ನಾನು ಓಡಿಸುತ್ತಿರುವುದು ಒಂದು ದೊಡ್ಡ ಎಸ್‌ಯುವಿ. ಅಡ್ಡ ಬಂದ ಕಾರುಗಳನ್ನು ಗುದ್ದಿ ತಳ್ಳಿಕೊಂಡು ಹೋಗುವ ಶಕ್ತಿ ಇದೆಯಲ್ಲ, ಅಗ್ರೋ, ಅದು ಇಷ್ಟ ಆಯಿತು ಅಂತ.

ಪಾರ್ಸೆಲ್ ಅಣ್ಣ:

ಅಗ್ರೋ ನೇರ ರಸ್ತೆಗೆ ಚೆಂದ, ಟ್ರಾಫಿಕ್ ಜಾಸ್ತಿ ಇರುವ ಕಡೆ ನುಗ್ಗಲು. ಚುಕ್ಕಿಗಳು ಚೆಲ್ಲಾಪಿಲ್ಲಿ ಇದ್ದಾಗ ಮೂಲೆ ಮೂಲೆಗೂ ತಿರುಗಬೇಕು, ಅಲ್ಲಿ ಭಾರದ ಗಾಡಿ ಎಳೆದಾಡಿಸುತ್ತದೆ. ರೇಸ್ ಒಪ್ಪಿಕೊಂಡರೆ ಹಗುರ ಕಾರು ತಗೋ. ಅದರಲ್ಲಿ ಝೋನ್ ಅಂತ ಇರುತ್ತದೆ, ಒತ್ತಿದರೆ ಕಾಲ ನಿಧಾನವಾಗಿ ಗಲ್ಲಿಯ ಬಾಯಿ ನಿಚ್ಚಳವಾಗಿ ಕಾಣುತ್ತದೆ. ಮಸಲ್ ಕಾರಿನ ರೋರ್ ಬೇರೆಯೇ, ಅದರ ಗರ್ಜನೆಗೆ ಮುಂದಿನ ಗಾಡಿಗಳು ಪಕ್ಕಕ್ಕೆ ಹಾರುತ್ತವೆ. ಮೂರರಲ್ಲಿ ನಿನಗೆ ಈಗ ಬೇಕಾದದ್ದು ಝೋನ್.

ಅರಸೀಕೆರೆ ಅಮ್ಮ ಬರೆದದ್ದು:

ಮಧ್ಯೆ ಮಾತಾಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗನಿಗೆ 16 ವರ್ಷ. ಅವನೂ ಇಂಥ ಆಟಗಳನ್ನು ಫೋನಿನಲ್ಲಿ ಆಡುತ್ತಾನೆ. ಆಡಲಿ, ನಾನು ಬೈಯುವುದಿಲ್ಲ. ಆದರೆ ಹೋದ ತಿಂಗಳು ಅವರಪ್ಪನ ಬೈಕ್ ತಗೊಂಡು ಗೆಳೆಯರ ಜೊತೆ ರಾತ್ರಿ ಹೈವೇಗೆ ಹೋಗಿದ್ದ, ಯಾರದು ಮುಂದೆ ಹೋಗುತ್ತದೆ ನೋಡೋಣ ಅಂತ. ಏನೂ ಆಗಲಿಲ್ಲ, ದೇವರ ದಯೆ. ಆವತ್ತಿನಿಂದ ಬೈಕಿನ ಕೀ ನನ್ನ ಸೆರಗಿನಲ್ಲೇ ಇದೆ. ನೀವೆಲ್ಲಾ ಆಡಿದವರು, ಅದಕ್ಕೆ ಕೇಳುತ್ತೇನೆ. ಆಟ ಬಿಡಿಸಬೇಕಾ? ಅವನಿಗೆ ಹೇಗೆ ಹೇಳಿದರೆ ತಲೆಗೆ ಹೋಗುತ್ತದೆ?

ಕಾಫಿ ತೋಟದ ಮಾರ್ಷಲ್ (ಚಿಕ್ಕಮಗಳೂರು) ಬರೆದದ್ದು:

ಅಮ್ಮಾ, ನಿಮ್ಮ ಮಾತು ಓದಿ ಬರೆಯಲೇಬೇಕು ಅನಿಸಿತು. ನಮ್ಮೂರಲ್ಲಿ ಕಾರಿನ ರ‍್ಯಾಲಿ ನಡೆದಾಗ ನಾನು ಮಾರ್ಷಲ್ ಆಗಿ, ಅಂದರೆ ದಾರಿ ಕಾಯುವವನಾಗಿ ನಿಂತಿದ್ದೇನೆ, ಹಳದಿ ಜಾಕೆಟ್ ಹಾಕಿಕೊಂಡು, ಕಾಫಿ ತೋಟದ ಮಣ್ಣು ರಸ್ತೆಯ ತಿರುವಿನಲ್ಲಿ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತು ನಮ್ಮ ತೋಟಗಳಲ್ಲೇ ನಡೆದಿದೆ. ಡ್ರೈವರ್ ಗೌರವ್ ಗಿಲ್ ಆ ಚಾಂಪಿಯನ್‌ಶಿಪ್ 2013, 2016, 2017ರಲ್ಲಿ ಗೆದ್ದವರು, 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಸ್ಪೋರ್ಟ್‌ಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ನಿಮ್ಮ ಮಗನಿಗೆ ವೇಗದ ಹುಚ್ಚಿದ್ದರೆ ಒಮ್ಮೆ ರ‍್ಯಾಲಿಗೆ ಕರೆದುಕೊಂಡು ಬನ್ನಿ.

ಒಂದು ಕಾರು ಹೋಗುವ ಮೊದಲು ಏನೇನು ನಡೆಯುತ್ತದೆ ಅಂತ ಅವನು ಕಣ್ಣಾರೆ ನೋಡಲಿ. ರಸ್ತೆ ಎರಡೂ ಕಡೆ ಮುಚ್ಚಿರುತ್ತದೆ, ಒಂದು ಹಸು ಕೂಡ ಅಡ್ಡ ಬರಬಾರದು. ಕಾರಿನೊಳಗೆ ಕಬ್ಬಿಣದ ಪಂಜರ, ಬಿಗಿಯಾದ ಬೆಲ್ಟ್, ಹೆಲ್ಮೆಟ್, ಬೆಂಕಿ ತಗುಲದ ಬಟ್ಟೆ. ಆಂಬುಲೆನ್ಸ್ ಸ್ಟಾರ್ಟ್ ಮಾಡಿಕೊಂಡು ನಿಂತಿರುತ್ತದೆ. ಇಷ್ಟೆಲ್ಲಾ ಇದ್ದೂ ಪಲ್ಟಿ ಹೊಡೆಯುತ್ತವೆ. ಒಂದು ಸಲ ನನ್ನ ಮುಂದೆಯೇ ಒಂದು ಕಾರು ಸಿಲ್ವರ್ ಓಕ್ ಮರಕ್ಕೆ ಬಡಿದು ನಿಂತಿತು. ಮುಂಭಾಗ ಪೂರ್ತಿ ಒಳಗೆ ಹೋಗಿತ್ತು. ಇಬ್ಬರೂ ಬಾಗಿಲು ತೆಗೆದು ನಡೆದುಕೊಂಡೇ ಬಂದರು, ಆ ಪಂಜರ ಇದ್ದದ್ದಕ್ಕೆ. ಹೈವೇಯಲ್ಲಿ ಅಂಗಿ ಪ್ಯಾಂಟಿನಲ್ಲಿ ಬೈಕ್ ಮೇಲೆ ಹೋಗುವ ಹುಡುಗನ ಸುತ್ತ ಏನೂ ಇರುವುದಿಲ್ಲ.

ಆಟ ಬಿಡಿಸಬೇಡಿ ಅಂತ ನನ್ನ ಅಭಿಪ್ರಾಯ. ಬಿಡಿಸಿದರೆ ಕದ್ದು ಆಡುತ್ತಾನೆ. ಕೀ ಮಾತ್ರ ನಿಮ್ಮ ಸೆರಗಿನಲ್ಲೇ ಇರಲಿ. ಕಾನೂನನ್ನೂ ಕೂರಿಸಿಕೊಂಡು ಹೇಳಿ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ರಸ್ತೆಯಲ್ಲಿ ರೇಸ್ ಮಾಡುವುದರ ಬಗ್ಗೆಯೇ ಇದೆ. ಮೊದಲು ದಂಡ 500 ರೂಪಾಯಿ ಇತ್ತು, 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೆ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧ ಮಾಡಿದರೆ 199ಎ ಸೆಕ್ಷನ್ ಪ್ರಕಾರ ಅಪ್ಪ ಅಮ್ಮನ ಮೇಲೋ ಗಾಡಿ ಮಾಲೀಕರ ಮೇಲೋ ಬರುತ್ತದೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಈ ಕೊನೆಯದು ಹುಡುಗರಿಗೆ ಚೆನ್ನಾಗಿ ತಾಗುತ್ತದೆ, ನನ್ನ ಅಣ್ಣನ ಮಗನಿಗೆ ಹೇಳಿದಾಗ ಮುಖ ಸಪ್ಪಗಾಗಿದ್ದನ್ನು ನೋಡಿದ್ದೇನೆ.

ಈಗ ಸಾಲಗಾಮೆ ರಸ್ತೆ ಹುಡುಗನಿಗೆ. ನಾನು ಈ ಆಟ ಆಡಿಲ್ಲ, ಆದರೆ ನೀವು ಹೇಳಿದ್ದು ಓದಿದರೆ ನಿಮಗೆ ಬೇಕಾದದ್ದು ರೆಕ್ಕಿ. ರ‍್ಯಾಲಿಗೆ ಮೊದಲು ಡ್ರೈವರ್ ಮತ್ತು ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್ ಅದೇ ದಾರಿಯಲ್ಲಿ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ತಿರುವಿಗೆ ನಂಬರ್ ಕೊಡುತ್ತಾರೆ. ಅನೇಕರು 1ರಿಂದ 6 ಬಳಸುತ್ತಾರೆ, 1 ಅಂದರೆ ತೀರಾ ಬಿಗಿ ತಿರುವು, 6 ಅಂದರೆ ಹೆಚ್ಚು ಕಡಿಮೆ ನೇರ. ಓಡಿಸುವಾಗ ಪಕ್ಕದವರು ಅದನ್ನು ಗಟ್ಟಿಯಾಗಿ ಓದುತ್ತಾ ಹೋಗುತ್ತಾರೆ. ಡ್ರೈವರ್ ನೋಡುವುದಕ್ಕಿಂತ ಮೊದಲೇ ಕೇಳಿರುತ್ತಾನೆ. ನಿಮ್ಮ ಆಟದಲ್ಲಿ ರೇಸ್ ಇಲ್ಲದೆ ಸುಮ್ನೆ ಊರು ಸುತ್ತುವ ಅವಕಾಶ ಇದ್ದರೆ ನಿಧಾನವಾಗಿ ಆ ದಾರಿಯಲ್ಲಿ ಹೋಗಿ ಬರೆದುಕೊಳ್ಳಿ. ಓದಲು ಮನೆಯಲ್ಲಿ ಯಾರಾದರೂ ಇದ್ದಾರಾ?

ಪಾರ್ಸೆಲ್ ಅಣ್ಣ:

ಮಾರ್ಷಲ್ ಸಾರ್, ಎಂಥಾ ಮಾತು ಹೇಳಿದಿರಿ! ಸುತ್ತುವ ಅವಕಾಶ ಇದೆ. ಇನ್ನೊಂದು ಸೇರಿಸುತ್ತೇನೆ ತಮ್ಮಾ: ಪ್ರತಿ ಊರಲ್ಲೂ ಆಟ ಮಾಡಿದ ಕಂಪನಿಯ 12 ರಾಕ್‌ಸ್ಟಾರ್ ಗುರುತು ಬಚ್ಚಿಟ್ಟಿದ್ದಾರೆ, ಮೂರು ಊರಿಗೆ 36. ಅವನ್ನು ಹುಡುಕಿಕೊಂಡು ಸುತ್ತು. ನಾನು ಅಟ್ಲಾಂಟಾದ ಸಂದಿಗೊಂದಿ ಕಲಿತದ್ದೇ ಹಾಗೆ. ಹಾಸನದಲ್ಲೂ ಅಷ್ಟೇ, ದಾರಿ ಕಲಿತದ್ದು ಫೋನ್ ಮ್ಯಾಪ್ ನೋಡಿ ಅಲ್ಲ, ಮನೆ ಸಿಗದೆ ಅಲೆದು.

ಅರಸೀಕೆರೆ ಅಮ್ಮ:

ಇವತ್ತು ಮಗನಿಗೆ ಇದೇ ಪುಟ ಓದಿಸಿದೆ. ಏನೂ ಮಾತಾಡಲಿಲ್ಲ. ರಾತ್ರಿ ಊಟ ಮಾಡುವಾಗ "ಅಮ್ಮ, ರ‍್ಯಾಲಿಯಲ್ಲಿ ಪಕ್ಕದಲ್ಲಿ ಕೂತು ಓದುವವರಿಗೆ ಏನು ಓದಿರಬೇಕು?" ಅಂತ ಕೇಳಿದ. ಮಾರ್ಷಲ್ ಸಾರ್, ಮುಂದಿನ ರ‍್ಯಾಲಿ ಯಾವಾಗ ಅಂತ ಗೊತ್ತಾದರೆ ಇಲ್ಲೇ ತಿಳಿಸಿ. ನಾನೇ ಕರೆದುಕೊಂಡು ಬರುತ್ತೇನೆ.

ಕಾಫಿ ತೋಟದ ಮಾರ್ಷಲ್:

ಖಂಡಿತ ಅಮ್ಮಾ. ಓದಿಗಿಂತ ಮುಖ್ಯ, ಕುಲುಕುವ ಕಾರಿನಲ್ಲಿ ತಲೆ ಬಗ್ಗಿಸಿ ಪುಸ್ತಕ ಓದಿದರೂ ವಾಂತಿ ಬರಬಾರದು. ನಮ್ಮ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಒಂದು ಪುಟ ಓದಲು ಹೇಳಿ, ಆಗುತ್ತದೋ ಇಲ್ಲವೋ ಅವನಿಗೇ ಗೊತ್ತಾಗುತ್ತದೆ.

ಸಾಲಗಾಮೆ ರಸ್ತೆ ಹುಡುಗ:

ಗೆದ್ದೆ!! ಭಾನುವಾರ ರಾತ್ರಿ ಹತ್ತೂವರೆಗೆ.

ಹೇಗೆ ಅಂತ ಪೂರ್ತಿ ಬರೆಯುತ್ತೇನೆ. ಕರೆಂಟ್ ಬಿಲ್ಲಿನ ಹಿಂದೆ ಚುಕ್ಕಿ ಇಳಿಸಿದೆ. ಕೂತು ನೋಡಿದರೆ ಹೈವೇ ಆಚೆಯದು ಒಂದೇ ಅಲ್ಲ, ಅದಕ್ಕೆ ಹೋಗುವ ದಾರಿಯಲ್ಲೇ ಇನ್ನೆರಡು ಇದ್ದವು, ನಾನು ಅವನ್ನು ಬೇರೆ ಕಡೆಯಿಂದ ಬಂದು ಮುಟ್ಟುತ್ತಿದ್ದೆ ಅಷ್ಟೇ. ಗೆರೆ ಎಳೆದ ಮೇಲೆ ಹುಣಸೆಕಾಯಿಯ ಹಾಗೆ ಬಾಗಿದ ಒಂದು ಸುತ್ತು ಬಂತು. ನಮ್ಮ ತಮ್ಮ ಎಂಟನೇ ಕ್ಲಾಸ್, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಶನಿವಾರ ಪೂರ್ತಿ ಸುಮ್ನೆ ಸುತ್ತಿದೆವು, ಅವನು ಬರೆದ. ಇಂಗ್ಲಿಷ್ ಬೋರ್ಡ್ ಓದುತ್ತಾ ಕೂರಲು ಆಗುವುದಿಲ್ಲ, ಅದಕ್ಕೆ ಅವನೇ ಹೆಸರಿಟ್ಟ. ಒಂದು ಮೇಲ್ಸೇತುವೆಗೆ "ಡೇರಿ ಸರ್ಕಲ್", ಒಂದು ಅಗಲ ರಸ್ತೆಗೆ "ಬಿ.ಎಂ. ರೋಡ್", ಕತ್ತಲೆ ಸಂದಿಗೆ "ಅಜ್ಜಿ ಮನೆ ಹಿತ್ತಲು".

ಮೊದಲ ಮೂರು ಸಲ ಸೋತೆವು. ಅವನು ತಿರುವು ಬಂದ ಮೇಲೆ ಓದುತ್ತಿದ್ದ. ನಾಲ್ಕನೇ ಸಲಕ್ಕೆ ಒಂದು ತಿರುವು ಮುಂಚೆಯೇ ಓದು ಅಂದೆ, ಮಾರ್ಷಲ್ ಸಾರ್ ಹೇಳಿದ ಹಾಗೆ. "ಡೇರಿ ಸರ್ಕಲ್ ಕೆಳಗೆ ಬಲ, 2... ಆಮೇಲೆ ನೇರ... ಅಜ್ಜಿ ಮನೆ ಹಿತ್ತಲು, ಎಡ, 1, ನಿಧಾನ ನಿಧಾನ!" ಕೊನೆಯ ಎರಡು ಚುಕ್ಕಿ ಪಕ್ಕಪಕ್ಕದಲ್ಲೇ ಇದ್ದವು. ಮುಗಿಸಿದಾಗ ಎರಡನೆಯವನು ಇನ್ನೂ ಹೈವೇ ಆಚೆ ಇದ್ದ. ಇಬ್ಬರೂ ಕೂಗಿದ್ದಕ್ಕೆ ಅಮ್ಮ ಎದ್ದು ಬಂದರು. ಎಸ್‌ಯುವಿ ಬಿಟ್ಟು ಹಗುರ ಕಾರು ತಗೊಂಡಿದ್ದೆ ಪಾರ್ಸೆಲ್ ಅಣ್ಣ, ಝೋನ್ ಎರಡೇ ಸಲ ಒತ್ತಿದ್ದು.

ಲೆನ್ಸ್ ಒರೆಸಿದ ಮೇಲೆ ಇನ್ನೊಂದು ಡಿಸ್ಕ್ ಕೂಡ ಓದಿತು, ಅದು ಕ್ರಿಕೆಟ್ಟಿಂದು.

ಡೆಟ್ರಾಯಿಟ್ ಇನ್ನೂ ಬಾಕಿ. ಆ ಊರಿನ ವುಡ್‌ವರ್ಡ್ ಅವೆನ್ಯೂದಲ್ಲಿ 1960ರ ದಶಕದಲ್ಲಿ ನಿಜವಾಗಿಯೂ ರಾತ್ರಿ ರೇಸ್ ನಡೆಯುತ್ತಿತ್ತಂತೆ, ಕಾರು ಕಾರ್ಖಾನೆಗಳ ಊರಲ್ವಾ. 1805ರಲ್ಲಿ ಬೆಂಕಿ ಬಿದ್ದು ಊರು ಸುಟ್ಟುಹೋದ ಮೇಲೆ ಚಕ್ರದ ಕಡ್ಡಿಗಳ ಹಾಗೆ ರಸ್ತೆ ಹಾಕಲು ಪ್ಲಾನ್ ಮಾಡಿದ್ದರಂತೆ. ಹಾಗಾದರೆ ಓರೆ ರಸ್ತೆಗಳು ಜಾಸ್ತಿ ಇರಬೇಕು. ತಮ್ಮ ಆಗಲೇ ಇನ್ನೂರು ಪೇಜಿನ ಹೊಸ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ "ಡೆಟ್ರಾಯಿಟ್" ಅಂತ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದಾನೆ, ಕೆಳಗೆ 1ರಿಂದ 12ರವರೆಗೆ ನಂಬರ್ ಹಾಕಿ ಜಾಗ ಬಿಟ್ಟಿದ್ದಾನೆ.